ಎಷ್ಟು ತುಂಬಿಸಿದೆ, ಹೇಳು

ಡಿಸೆಂಬರ್ ೨೬, ಶುಕ್ರವಾರ

ಇವತ್ತು ಅಪ್ಪ ನಕ್ಕರು. ಆಪರೇಷನ್ ಆದ ಮೇಲೆ ಇದೇ ಮೊದಲು. ನಗಿಸಿದವಳು ನಾನಲ್ಲ.

ಕ್ಲೆಟಸಣ್ಣನ ರಿಪೇರಿ ಅಂಗಡಿಗೆ ಅವರ ತಂಗಿಯ ಮಗಳು ರೀಮಾ ಬಂದಿದ್ದಾಳೆ. ಮಂಗಳೂರಿನಲ್ಲಿ ಕಂಪ್ಯೂಟರ್ ಕಲಿತವಳು. ಕ್ರಿಸ್ಮಸ್ಸಿಗೆ ಬಂದವಳು ಜನವರಿ ಮುಗಿಯುವವರೆಗೆ ಇರುತ್ತಾಳಂತೆ. ಅಪ್ಪ ಅಂಗಡಿಯ ಮೆಟ್ಟಿಲು ಹತ್ತಿದ್ದೇ ತಡ, "ಬನ್ನಿ ಕುಂಞಣ್ಣ, ಹತ್ತಿ ಹತ್ತಿ, ಹಿಂದೆ ಸೀಟು ಉಂಟು!" ಎಂದು ಅಪ್ಪ ಸ್ಟ್ಯಾಂಡಿನಲ್ಲಿ ಬಸ್ಸು ಕೂಗುತ್ತಿದ್ದ ರಾಗದಲ್ಲೇ ಕೂಗಿದಳು. ಸ್ವರ ಕಳೆದುಕೊಂಡವರ ಮುಂದೆ ಹಾಗೆ ಕೂಗುವುದೇ? ಆದರೆ ಅಪ್ಪ ನಕ್ಕರು. ಸದ್ದಿಲ್ಲದ ನಗು. ಭುಜ ಕುಣಿಯಿತು, ಕಣ್ಣಲ್ಲಿ ನೀರು ಬಂತು.

ನಾನು ಮೂಲೆಯಲ್ಲಿ ವಯರ್ ಬೆಸೆಯುತ್ತಿದ್ದೆ. "ಇವಳು ಕುಂಞಣ್ಣನ ಮಗಳು ವಸುಮತಿ. ನನ್ನ ಬಲಗೈ. ಮಾತು ಕಡಿಮೆ" ಎಂದು ಕ್ಲೆಟಸಣ್ಣ ಪರಿಚಯ ಹೇಳಿದರು. ಅವಳು ಕೈ ಚಾಚಿದಳು. ನನ್ನ ಕೈಯಲ್ಲಿ ಕಾದ ಕಬ್ಬಿಣ ಇತ್ತು, ಹಾಗಾಗಿ ಕೈ ಕೊಡಲಿಲ್ಲ. ಇಲ್ಲದಿದ್ದರೂ ಕೊಡುತ್ತಿದ್ದೆನೋ ಇಲ್ಲವೋ.

ಸಂಜೆ ಅವಳ ಅಮ್ಮ ಇಮೆಲ್ಡಾ ಬಾಯಿ ನಮಗೆಂದು ಕ್ರಿಸ್ಮಸ್ಸಿನ ತಿಂಡಿ, ಕುಸ್ವಾರ್, ತುಂಬಿದ ಸ್ಟೀಲ್ ಡಬ್ಬಿ ಕಳಿಸಿದ್ದಾರೆ. ಅಪ್ಪನಿಗೆ ನುಂಗಲು ಕಷ್ಟ. ಆದರೂ ಒಂದು ಕಲ್‌ಕಲ್ ಹಾಲಿನಲ್ಲಿ ನೆನೆಸಿ ತಿಂದರು. ನಾನು ಮುಟ್ಟಲಿಲ್ಲ.

ಡಿಸೆಂಬರ್ ೨೯, ಸೋಮವಾರ

ಬಸ್ ಮಾಲಕರ ಸಂಘದ ಗಣೇಶಪ್ರಸಾದರು ಅಂಗಡಿಗೆ ಬಂದಿದ್ದರು. ಅಪ್ಪ ಬದಿಯಡ್ಕದ ಸ್ಟ್ಯಾಂಡಿನಲ್ಲಿ ಬಸ್ಸು ಕೂಗುವ ಏಜೆಂಟ್. ನಾನು ಹುಟ್ಟುವ ಮೊದಲಿನಿಂದಲೂ ಅವರದೇ ಕೂಗು. ಯಾವ ಬಸ್ಸು ತಡ, ಯಾವುದು ಇವತ್ತು ಇಲ್ಲ, ಯಾವುದು ಬಳಸಿಕೊಂಡು ಹೋಗುತ್ತದೆ, ಎಲ್ಲ ಅವರ ಬಾಯಲ್ಲಿ. ಆಗಸ್ಟಿನಲ್ಲಿ ಗಂಟಲಿನ ಆಪರೇಷನ್ ಆದ ಮೇಲೆ ಬಸ್ಸಿನ ಮೈಗೆ ಕೈಯಿಂದ ಬಡಿದು ಬೆರಳು ತೋರಿಸುತ್ತಾರೆ. ದೂರದವರಿಗೆ ಅದು ಕಾಣುವುದಿಲ್ಲ.

"ನೋಡಿ ಕ್ಲೆಟಸ್, ಕುಂಞಣ್ಣನನ್ನು ತೆಗೀಲಿಕ್ಕೆ ನನಗೂ ಮನಸ್ಸಿಲ್ಲ. ನಿಮ್ಮ ಪೆಟ್ಟಿಗೆ ಹನ್ನೆರಡನೇ ತಾರೀಕಿಗೆ ಸ್ಟ್ಯಾಂಡಿನಲ್ಲಿ ಕೂಗಿದರೆ ಅವರೇ ಇರಲಿ. ಇಲ್ಲದಿದ್ದರೆ ಸಂಘದವರು ಬೇರೆ ಜನ ನೋಡ್ತಾರೆ" ಎಂದರು. ಅಪ್ಪ ಅಲ್ಲೇ ಕೂತಿದ್ದರು. ಅಪ್ಪನ ವಿಷಯವನ್ನು ಅಪ್ಪನ ಮುಂದೆಯೇ ಕ್ಲೆಟಸಣ್ಣನಿಗೆ ಹೇಳುತ್ತಾರೆ. ಮಾತಾಡದವರಿಗೆ ಕಿವಿಯೂ ಇಲ್ಲವೆಂದು ಜನರ ಲೆಕ್ಕ. ನನಗೆ ಇದು ಹಳೆಯ ಅನುಭವ.

ಪೆಟ್ಟಿಗೆ ಎಂದರೆ ಒಂದು ಹಳೆಯ ಫೋನು, ಅದಕ್ಕೆ ದೊಡ್ಡ ದೊಡ್ಡ ಗುಂಡಿ, ಒಂದು ಸ್ಪೀಕರ್. ಗುಂಡಿ ಒತ್ತಿದರೆ ಅಪ್ಪನ ಸ್ವರ. ಆಪರೇಷನ್ನಿನ ಹಿಂದಿನ ದಿನ ಆಸ್ಪತ್ರೆಯ ಮಂಚದ ಮೇಲೆ ಕೂತು ಅಪ್ಪ ಊರುಗಳ ಹೆಸರು ಒಂದೊಂದಾಗಿ ಹೇಳಿದ್ದರು: ಪೆರ್ಲ, ಮುಳ್ಳೇರಿಯ, ಕುಂಬಳೆ, ಅಗಲ್ಪಾಡಿ. ನಾನು ರೆಕಾರ್ಡ್ ಮಾಡಿಕೊಂಡೆ. ಕೊನೆಗೆ ಫೋನು ಆಫ್ ಮಾಡಲು ಮರೆತಿದ್ದೆ. ಹಾಗಾಗಿ ಇದೂ ಉಳಿಯಿತು:

"ಸಾಕಲ್ಲ ವಸು? ಊರುಗಳೆಲ್ಲ ಮುಗಿಯಿತು. ನಾಳೆಯಿಂದ ನಮ್ಮ ಮನೆಯಲ್ಲಿ ದೊಡ್ಡ ಸ್ವರ ಇಲ್ಲ. ನೀನು ಸ್ವಲ್ಪ ಬಾಯಿ ಬಿಡು ಮಗಾ. ಹೆದರ್ಬೇಡ. ಜೋರು ಹೇಳು, ಜೋರು."

ಇದನ್ನು ಯಾರಿಗೂ ಕೇಳಿಸಿಲ್ಲ. ಅಮ್ಮನಿಗೂ.

ಜನವರಿ ೨, ಶುಕ್ರವಾರ

ಕೆಲಸ ಹಂಚಿಯಾಯಿತು. ಹಂಚಿದ್ದಲ್ಲ, ನನ್ನ ಅರ್ಧವನ್ನು ತೆಗೆದು ಅವಳಿಗೆ ಕೊಟ್ಟದ್ದು. ನಾನೊಬ್ಬಳೇ ಮಾಡಿದರೆ ಹನ್ನೆರಡಕ್ಕೆ ಮುಗಿಯುವುದಿಲ್ಲ ಎಂದು ಕ್ಲೆಟಸಣ್ಣ ಹೇಳಿದರು. ನಿಜ. ಆದರೂ.

ಗುಂಡಿ, ಪರದೆ, ಸ್ಪೀಕರ್ ರೀಮಾಳದು. ಅದನ್ನು ಅವಳು ಕೊಟ್ಲಿನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆಯುತ್ತಾಳೆ. ಅಪ್ಪನ ಸ್ವರದ ತುಂಡುಗಳನ್ನು ಜೋಡಿಸಿ ಒಂದು ಕೂಗು ಮಾಡಿ ಕೊಡುವುದು ನನ್ನದು. ನನಗೆ ಬರುವುದು ಕ್ಲೆಟಸಣ್ಣ ಕಲಿಸಿದ ಸಿ ಭಾಷೆ ಮಾತ್ರ. ನಾಲ್ಕನೆಯ ತರಗತಿ ಮುಗಿದ ಮೇಲೆ ವಾತಜ್ವರದಲ್ಲಿ ಎರಡು ವರ್ಷ ಮಲಗಿದ್ದೆ. ಆಮೇಲೆ ಸಣ್ಣ ಮಕ್ಕಳ ಜೊತೆ ಕೂರಲು ನಾಚಿಕೆಯಾಗಿ ಶಾಲೆಗೆ ಹೋಗಲೇ ಇಲ್ಲ. ಇಂಗ್ಲಿಷ್ ಪುಸ್ತಕ ಓದಲು ಬರುವುದಿಲ್ಲ, ಸಿ ಬರುತ್ತದೆ. ರೀಮಾಳಿಗೆ ಎಲ್ಲವೂ ಬರುತ್ತದೆ, ಮಲಯಾಳವೂ.

ನನ್ನ ಭಾಷೆ ಮತ್ತು ಅವಳ ಭಾಷೆ ಒಂದರ ಮನೆಯೊಳಗೆ ಒಂದು ಇಣುಕುವುದಿಲ್ಲ. ನಡುವೆ ಒಂದೇ ಬಾಗಿಲು. ಅವಳು ಬೈಟುಗಳ, ಎಂದರೆ ಅಂಕಿ ತುಂಬುವ ಪುಟ್ಟ ಕೋಣೆಗಳ, ಒಂದು ಖಾಲಿ ಸಾಲನ್ನು ಬಾಗಿಲಲ್ಲಿ ಚಾಚಿ, ಯಾವ ಬಸ್ಸೆಂದು ಹೇಳುತ್ತಾಳೆ. ನಾನು ಆ ಸಾಲಿನಲ್ಲಿ ಸ್ವರ ತುಂಬಿಸುತ್ತೇನೆ. ಅವಳು ಅದನ್ನು ತೆಗೆದುಕೊಂಡು ನುಡಿಸುತ್ತಾಳೆ. ಅಪ್ಪನ ಸ್ವರ ನನ್ನ ಬಳಿ ಇರುವುದು, ಹೊರಗೆ ಬರುವುದು ಮಾತ್ರ ಅವಳ ಕೈಯಿಂದ.

"ಎಷ್ಟು ಬೈಟ್ ತುಂಬಿಸಿದೆ ಅಂತ ವಾಪಸ್ ಹೇಳ್ತೀಯಲ್ಲ ವಸು?"

"ಬೇಡ. ಕೆಲಸ ಆದರೆ ಸೊನ್ನೆ ಹೇಳ್ತೇನೆ, ಆಗದಿದ್ದರೆ ಮೈನಸ್ ಒಂದು."

"ಉದ್ದ ಗೊತ್ತಿಲ್ಲದೆ ಎಲ್ಲಿಯವರೆಗೆ ನುಡಿಸುವುದು ಮಾರಾಯ್ತಿ?"

"ಪೂರ್ತಿ ನುಡಿಸು. ಉಳಿದದ್ದೆಲ್ಲ ಸೊನ್ನೆ ಅಲ್ವಾ? ಸೊನ್ನೆ ಅಂದರೆ ಮೌನ."

"ನನ್ನ ಸಾಲು ಎಷ್ಟು ದೊಡ್ಡದು ಅಂತ ನಿನಗೆ ಬೇಡವಾ?"

"ದೊಡ್ಡದೇ ಕೊಡು. ಸಾಕು."

ಉದ್ದ ನನ್ನ ಕೈಯಲ್ಲೇ ಇತ್ತು. ನನ್ನ ಪ್ರೋಗ್ರಾಮಿನಲ್ಲಿ ಒಂದು ಗೆರೆ ಹೆಚ್ಚು ಬರೆದರೆ ಕೊಡಬಹುದಿತ್ತು. ಕೊಡಲಿಲ್ಲ. ಕೇಳಿದ್ದೆಲ್ಲ ಕೈಗೆ ಬಂದು ಬೀಳುವುದು ಅವಳಿಗೆ ಅಭ್ಯಾಸವಾಗಿದೆ.

ಜನವರಿ ೫, ಸೋಮವಾರ

ಅಪ್ಪ ಈಗ ನನಗಿಂತ ಮೊದಲೇ ಅಂಗಡಿಗೆ ಹೊರಡುತ್ತಾರೆ. ಯಾವ ಗುಂಡಿ ಎಲ್ಲಿ ಬೇಕೆಂದು ಅವಳ ಜೊತೆ ಸನ್ನೆಯಲ್ಲೇ ಜಗಳ. ಅವಳು "ಇಲ್ಲ ಕುಂಞಣ್ಣ, ಪೆರ್ಲ ಇಲ್ಲಿ ಬೇಡ, ನಿಮ್ಮ ಹೆಬ್ಬೆರಳು ದಪ್ಪ" ಎನ್ನುವುದು, ಇವರು ಹೆಬ್ಬೆರಳು ಎತ್ತಿ ಅವಳ ಮೂಗಿಗೆ ಹಿಡಿಯುವುದು. ಮನೆಯಲ್ಲಿ ನಾನೂ ಅಪ್ಪನೂ ಎದುರು ಬದುರು ಕೂತು ಗಂಜಿ ಕುಡಿಯುತ್ತೇವೆ. ಚಮಚದ ಸದ್ದು ಮಾತ್ರ.

ಡಬ್ಬಿ ಖಾಲಿಯಾಗಿದೆ. ಅಮ್ಮ ತೊಳೆದು ಒರೆಸಿ ಇಟ್ಟಿದ್ದಾರೆ. "ಇಮೆಲ್ಡಾ ಬಾಯಿಗೆ ಕೊಟ್ಟು ಬಾ. ಖಾಲಿ ಕೊಡ್ಲಿಕ್ಕೆ ಆಗುವುದಿಲ್ಲ, ಎಂತಾದರೂ ಹಾಕು."

"ಎಂತ ಹಾಕುವುದು?"

"ಹಪ್ಪಳ ಉಂಟಲ್ಲ."

ಅವರ ಕುಸ್ವಾರಿಗೆ ನಮ್ಮ ಹಪ್ಪಳ. ನಾಳೆ ಎಂದೆ.

ಜನವರಿ ೮, ಗುರುವಾರ

ಇವತ್ತು ನಾನು ಗೆದ್ದೆ.

ಗುಂಡಿ ಒತ್ತಿ ಸ್ವರ ಬರುವಷ್ಟರಲ್ಲಿ ಸ್ವಲ್ಪ ತಡವಾಗುತ್ತದೆ. ಅಪ್ಪ ಒತ್ತಿ, ಬರಲಿಲ್ಲವೆಂದು ಪುನಃ ಒತ್ತುತ್ತಾರೆ, ಎರಡು ಸಲ ಕೂಗುತ್ತದೆ. ಯಾಕೆಂದು ಕ್ಲೆಟಸಣ್ಣ ಕೇಳಿದರು. ನಾನು ನನ್ನ ಕಡೆಯದನ್ನು ಮೊದಲೇ ಅಳೆದು ಇಟ್ಟುಕೊಂಡಿದ್ದೆ.

"ನನ್ನಲ್ಲಿ ತಡ ಇಲ್ಲ. ಅವಳು ಪ್ರತಿ ಸಲ ಹೊಸ ಸಾಲು ಮಾಡ್ತಾಳೆ, ಹಳೆಯದು ಬಿಸಾಡ್ತಾಳೆ. ಕಲಿತವರಿಗೆ ಬಿಸಾಡ್ಲಿಕ್ಕೆ ಉಂಟು. ಬಸ್ಸು ಹೋದ ಮೇಲೆ ಪೆರ್ಲ ಅಂತ ಕೂಗಿದರೆ ಹತ್ತುವುದು ಯಾರು?"

ಅಷ್ಟು ಉದ್ದದ ಮಾತು ಹೇಗೆ ಬಂತೋ. ಕ್ಲೆಟಸಣ್ಣ ಕನ್ನಡಕದ ಮೇಲಿನಿಂದ ನನ್ನನ್ನೇ ನೋಡಿದರು. ರೀಮಾಳ ಕಿವಿ ಕೆಂಪಾಯಿತು. "ಸರಿ, ನೋಡ್ತೇನೆ" ಎಂದಳು. ಮನೆಗೆ ಬಂದು ಎರಡು ಸಲ ಗಂಜಿ ಬಡಿಸಿಕೊಂಡೆ.

ಜನವರಿ ೧೦, ಶನಿವಾರ

ತಡ ಹೋಯಿತು. ಈಗ ಅವಳು ಒಂದೇ ಸಾಲನ್ನು ಇಟ್ಟುಕೊಂಡು ಎಲ್ಲ ಕೂಗಿಗೂ ಅದನ್ನೇ ಚಾಚುತ್ತಾಳೆ. ಅವಳ ಪರದೆಯಲ್ಲಿ ಅದನ್ನು ಕಂಡಾಗ ಒಳಗೆ ಎಂತದೋ ಕುಟುಕಿತು. ಹೇಳಹೊರಟೆ. ಅಷ್ಟರಲ್ಲಿ ಅಪ್ಪ ಗುಂಡಿ ಒತ್ತಿದರು, ಕುಂಬಳೆ ಎಂದು ಕೂಗಿತು, ಅಪ್ಪ ಅವಳ ತಲೆಯ ಮೇಲೆ ಕೈ ಇಟ್ಟರು.

ಅವಳ ಕೆಲಸ ಅವಳಿಗೆ ಎಂದು ಸುಮ್ಮನಾದೆ.

ಜನವರಿ ೧೨, ಸೋಮವಾರ

ಬರೆಯಲು ಕೈ ಬರುವುದಿಲ್ಲ.

ಬೆಳಿಗ್ಗೆ ಪೆಟ್ಟಿಗೆ ನಮ್ಮ ಮನೆಯಲ್ಲಿತ್ತು. ಕಡೆಯ ಗುಂಡಿಗೆ ಯಾವ ಊರೂ ಇರಲಿಲ್ಲ. ಅಪ್ಪನ ಆ ಮಾತನ್ನು ನಾನು ಗುಟ್ಟಾಗಿ ಅಲ್ಲಿ ಹಾಕಿದ್ದೆ. ಹೊರಡುವ ಮೊದಲು ಇಯರ್‌ಫೋನ್ ಸಿಕ್ಕಿಸಿ ಒಮ್ಮೆ ಕೇಳಿದೆ. ಧೈರ್ಯಕ್ಕೆ. ಪೆಟ್ಟಿಗೆ ಆಫ್ ಮಾಡದೆ ಹಾಗೆಯೇ ಸ್ಟ್ಯಾಂಡಿಗೆ ಒಯ್ದೆವು.

ಸಂಘದವರು, ಡ್ರೈವರುಗಳು, ಕಾಲೇಜಿನ ಮಕ್ಕಳು, ಎಲ್ಲ ಸುತ್ತ ನಿಂತಿದ್ದರು. ಅಪ್ಪ ಒಗೆದ ಅಂಗಿ ಹಾಕಿ ಕತ್ತಿಗೆ ಕರ್ಚೀಫು ಕಟ್ಟಿದ್ದರು. ಪೆರ್ಲದ ಬಸ್ಸು ಬಂತು. ಅಪ್ಪ ಒತ್ತಿದರು.

"ಪೆರ್ಲ, ಪೆರ್ಲ, ಪೆರ್ಲ! ಬಾಯಿ ಬಿಡು ಮಗಾ. ಹೆದರ್ಬೇಡ. ಜೋರು ಹೇಳು, ಜೋರು."

ಸ್ಪೀಕರಿನಲ್ಲಿ, ಇಡೀ ಸ್ಟ್ಯಾಂಡಿಗೆ.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಒಬ್ಬ ಡ್ರೈವರ್, "ಎಂತ ಕುಂಞಣ್ಣ, ಪೆರ್ಲದವರೆಲ್ಲ ಬಾಯಿ ಬಿಡಬೇಕಾ?" ಎಂದ. ನಗುವೋ ನಗು. ಅಪ್ಪ ಹೆದರಿ ಇನ್ನೊಂದು ಗುಂಡಿ ಒತ್ತಿದರು. "ಕುಂಬಳೆ, ಕುಂಬಳೆ! ಮಗಾ. ಹೆದರ್ಬೇಡ. ಜೋರು ಹೇಳು, ಜೋರು."

ಅಪ್ಪ ನಗಲಿಲ್ಲ. ತಮ್ಮದೇ ಸ್ವರ ಎಂದು ಗೊತ್ತಾಗಿ, ಪೆಟ್ಟಿಗೆಯನ್ನು ಹಿಡಿದುಕೊಂಡು ಜನರ ನಡುವೆ ನನ್ನನ್ನು ಹುಡುಕಿದರು. ನಾನು ಮನೆಗೆ ಓಡಿ ಬಂದೆ.

ಜನವರಿ ೧೩, ಮಂಗಳವಾರ

ನಿದ್ದೆಯಿಲ್ಲ. ಯೋಚಿಸುವುದಕ್ಕೆ ಏನೂ ಇರಲಿಲ್ಲ, ಓಡುವಾಗಲೇ ಗೊತ್ತಾಗಿತ್ತು. ನಿನ್ನೆ ಬೆಳಿಗ್ಗೆ ನಾನು ಕೇಳಿದ ಅಪ್ಪನ ಉದ್ದದ ಮಾತು ಸಾಲಿನ ತುದಿಯವರೆಗೆ ತುಂಬಿತ್ತು. ಅದರ ಮೇಲೆ ಅಪ್ಪ ಎಳೆದೆಳೆದು ಹೇಳಿದ ಪೆರ್ಲದ ಕೂಗು ಬರೆದಾಗ ಮುಂಭಾಗ ಮಾತ್ರ ಅಳಿಯಿತು, ಹಿಂಭಾಗ ಹಾಗೆಯೇ ಉಳಿಯಿತು. ಹೊಸ ಸಾಲಾಗಿದ್ದರೆ ಉಳಿದದ್ದು ಸೊನ್ನೆಯಾಗಿರುತ್ತಿತ್ತು. ಹೊಸ ಸಾಲನ್ನು ಬಿಡಿಸಿದವಳು ನಾನು. ಎಲ್ಲಿ ನಿಲ್ಲಿಸಬೇಕೆಂದು ಅವಳು ಕೇಳಿದಾಗ ಬೇಡ ಎಂದವಳೂ ನಾನು.

ಅಂಗಡಿಗೆ ಹೋದಾಗ ಗಣೇಶಪ್ರಸಾದರು ಕೂತಿದ್ದರು. ರೀಮಾ ಎದ್ದು ನಿಂತಿದ್ದಳು.

"ನುಡಿಸುವ ಭಾಗ ನಂದು. ನಾನು ಪರೀಕ್ಷೆ ಮಾಡುವಾಗ ಬರೇ ಗಿಡ್ಡದ ಮೇಲೆ ಉದ್ದ ಒತ್ತಿ ನೋಡಿದೆ, ಉದ್ದದ ಮೇಲೆ ಗಿಡ್ಡ ನೋಡಲಿಲ್ಲ. ತಪ್ಪು ನಂದೇ ಸರ್. ಕುಂಞಣ್ಣನದ್ದಲ್ಲ, ವಸುನದ್ದೂ ಅಲ್ಲ."

ನನಗೆ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಅಪ್ಪನ ನಗು ಅವಳಿಗೆ, ತಲೆಯ ಮೇಲಿನ ಕೈ ಅವಳಿಗೆ, ಈಗ ನನ್ನ ತಪ್ಪನ್ನೂ ಹೊತ್ತುಕೊಂಡು ಇನ್ನೂ ದೊಡ್ಡವಳಾಗುತ್ತಾಳೆ.

"ಅಲ್ಲ" ಎಂದೆ. ಎಲ್ಲರೂ ತಿರುಗಿದರು. "ಅವಳು ಉದ್ದ ಕೇಳಿದ್ದಳು. ನಾನು ಕೊಡಲಿಲ್ಲ. ಇದು ನನ್ನದು. ಅವಳಿಗೆ ಕೊಡ್ಬೇಡಿ."

ಕ್ಲೆಟಸಣ್ಣ ಪೆಚ್ಚಾದರು. "ತಪ್ಪಿಗೆ ಹೀಗೆ ಜಗಳ ಮಾಡುವವರನ್ನು ನಾನು ನೋಡ್ಲೇ ಇಲ್ಲ ಮಾರಾಯ್ರೆ" ಎಂದು ಗಣೇಶಪ್ರಸಾದರು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಹತ್ತೊಂಬತ್ತಕ್ಕೆ ಇನ್ನೊಂದು ಸಲ ನೋಡುವ. ಅದರ ಮೇಲೆ ಇಲ್ಲ. ಅಲ್ಲಿವರೆಗೆ ಸ್ಟ್ಯಾಂಡಿನಲ್ಲಿ ಯಾರಾದರೂ ಬಾಯಲ್ಲಿ ಕೂಗಬೇಕು. ಯಾರು?" ಎಂದು ಕೇಳಿದರು.

"ನಾನು ಕೂಗ್ತೇನೆ!" ಎಂದಳು ರೀಮಾ. ಮತ್ತೆ ಅವಳೇ.

ಜನವರಿ ೧೫, ಗುರುವಾರ

ಅವಳಿಗೆ ಕೂಗಲು ಬರುತ್ತದೆ, ಬಸ್ಸು ಗೊತ್ತಿಲ್ಲ. ಅಪ್ಪ ಬೆರಳು ತೋರಿಸಿದ್ದು ಹಿಂದಿನ ಬಸ್ಸಿಗೆ, ಅವಳು "ಅಗಲ್ಪಾಡಿ ಅಗಲ್ಪಾಡಿ" ಎಂದು ಜನರನ್ನು ಮುಂದಿನದಕ್ಕೆ ಹತ್ತಿಸುತ್ತಿದ್ದಾಳೆ. ಒಬ್ಬ ಅಜ್ಜಿ, ಬಾಳೆಗೊನೆ ಹೊತ್ತ ಒಬ್ಬರು, ಎಲ್ಲ ಹತ್ತಿಯಾಯಿತು. ಇನ್ನೇನು ಕಂಡಕ್ಟರ್ ಬೆಲ್ ಹೊಡೆಯಬೇಕು.

"ಅದಲ್ಲ! ಇಳೀರಿ, ಇಳೀರಿ! ಅಗಲ್ಪಾಡಿ ಹಿಂದಿನದು! ಇದು ಮುಳ್ಳೇರಿಯ, ಮುಳ್ಳೇರಿಯ!"

ಕೂಗಿದ್ದು ನಾನು. ಜನ ಇಳಿದರು. ಕಾಲೇಜಿನ ಹುಡುಗರು "ಜೋರು ಹೇಳು ಮಗಾ, ಜೋರು!" ಎಂದು ಛೇಡಿಸಿದರು. ಛೇಡಿಸಲಿ. ಅವಳು ಸಂಜೆಯವರೆಗೆ ಇನ್ನೆಷ್ಟು ತಪ್ಪು ಮಾಡುತ್ತಿದ್ದಳೋ. ಹಾಗಾಗಿ ಅಲ್ಲಿಂದ ಮುಂದೆ ನಾನೇ ಕೂಗಬೇಕಾಯಿತು. ಅವಳು ಮೆಟ್ಟಿಲಲ್ಲಿ ಕೂತು ಸೋಡಾ ಕುಡಿದಳು. ಅಪ್ಪ ನನ್ನ ಪಕ್ಕದಲ್ಲಿ ನಿಂತು ಬೆರಳು ತೋರಿಸಿದರು.

ಗಂಟಲು ನೋಯುತ್ತದೆ. ಉಪ್ಪುನೀರು ಮುಕ್ಕಳಿಸಿದೆ.

ಜನವರಿ ೧೬, ಶುಕ್ರವಾರ

ಮಧ್ಯಾಹ್ನ ಬಸ್ಸು ಕಡಿಮೆ ಇರುವಾಗ ಅಂಗಡಿಯಲ್ಲಿ ಇಬ್ಬರೂ ಒಂದೇ ಪರದೆಯ ಮುಂದೆ ಕೂತೆವು. ಬಾಗಿಲಿನ ಕೆಲಸ ಬಾಗಿಲಲ್ಲೇ ಕೂತು ಮಾಡಬೇಕು ಎಂದು ಕ್ಲೆಟಸಣ್ಣನ ಆಜ್ಞೆ.

"ನಿಮ್ಮಲ್ಲಿ ಡಬ್ಬಿ ಖಾಲಿ ಕೊಡುವುದಿಲ್ಲ ಅಲ್ವಾ?" ಎಂದಳು ರೀಮಾ. "ನನ್ನ ಸಾಲನ್ನೂ ಹಾಗೇ ಕೊಟ್ಟೆ ನೀನು. ಹಳೆಯದನ್ನು ಒಳಗೇ ಇಟ್ಟು."

ಡಬ್ಬಿಯ ವಿಷಯ ಎತ್ತಿದಳು. ಮರೆತಿಲ್ಲ ಅವಳು.

ಹೀಗೆಂದು ತೀರ್ಮಾನವಾಯಿತು. ಸಾಲು ಅವಳದು. ಇಟ್ಟುಕೊಳ್ಳುವುದು, ಬಿಸಾಡುವುದು ಅವಳ ಕೆಲಸ, ಕೂಗು ಮುಗಿದ ಮೇಲೆ ನಾನು ಅದನ್ನು ಹಿಡಿದುಕೊಳ್ಳುವಂತಿಲ್ಲ. ಎಷ್ಟು ಹಿಡಿಯುತ್ತದೆಂದು ಅವಳು ಮೊದಲೇ ಹೇಳಬೇಕು. ಅದಕ್ಕಿಂತ ಒಂದು ಬೈಟೂ ನಾನು ಹೆಚ್ಚು ಬರೆಯುವಂತಿಲ್ಲ. ಜಾಗ ಸಾಲದಿದ್ದರೆ ಏನನ್ನೂ ಬರೆಯದೆ, ಎಷ್ಟು ಬೇಕೆಂದು ಹೇಳಬೇಕು. ಬರೆದರೆ ಎಷ್ಟು ಬರೆದೆನೆಂದು ಹೇಳಬೇಕು. ಅವಳು ಅಷ್ಟನ್ನೇ ನುಡಿಸಬೇಕು.

ಅಳತೆ ಹಾಕಿ ನೋಡಿದೆ. ಅಪ್ಪನ ಆ ಮಾತು ಸಾಲಿನ ಅಂಚಿಗೆ ಬಂದು ನಿಂತಿತ್ತು. ಅಪ್ಪ ಇನ್ನೊಂದು "ಜೋರು" ಎಂದಿದ್ದರೆ ಹೊರಗೆ ಚೆಲ್ಲುತ್ತಿತ್ತು. ಅಲ್ಲಿ ಏನಿತ್ತೋ ಅದರ ಮೇಲೆ ನಾನು ಬರೆಯುತ್ತಿದ್ದೆ, ಯಾರಿಗೂ ಗೊತ್ತಾಗದ ಹಾಗೆ.

"ಆ ಮಾತು ಯಾವಾಗಿನದು ವಸು?" ಎಂದು ಅವಳು ಕೇಳಿದಳು. ಪರದೆ ನೋಡುತ್ತಲೇ ಕೇಳಿದಳು. ಹೇಳಿದೆ. ಆಸ್ಪತ್ರೆಯ ಮಂಚ, ಹಿಂದಿನ ದಿನ, ಎಲ್ಲ. ತುಂಬ ಹೊತ್ತು ಹೇಳಿದೆನೆಂದು ಕಾಣುತ್ತದೆ, ಚಹಾ ಆರಿ ಹೋಗಿತ್ತು.

"ನನ್ನ ಅಪ್ಪನದು ಒಂದು ಫೋಟೋ ಮಾತ್ರ ಉಂಟು" ಎಂದಳು. "ಸ್ವರ ಹೇಗಿತ್ತು ಅಂತ ನೆನಪೇ ಇಲ್ಲ. ಮೊನ್ನೆ ಸ್ಟ್ಯಾಂಡಿನಲ್ಲಿ ಅದು ಕೇಳಿದಾಗ ನನಗೆ ಎಷ್ಟು ಹೊಟ್ಟೆಕಿಚ್ಚು ಬಂತು ಗೊತ್ತುಂಟಾ?"

ಅವಳಿಗೆ. ನನ್ನ ಮೇಲೆ.



ಜನವರಿ ೧೯, ಸೋಮವಾರ

ಹೊರಡುವ ಮೊದಲು ಕಡೆಯ ಗುಂಡಿಯನ್ನು ಬೇಕೆಂದೇ ಒತ್ತಿದೆವು, ಅದರ ಮೇಲೆ ಪೆರ್ಲ, ಅದರ ಮೇಲೆ ಕುಂಬಳೆ. ಸ್ಟ್ಯಾಂಡಿನಲ್ಲಿ ಗಣೇಶಪ್ರಸಾದರು ಕೈ ಕಟ್ಟಿ ನಿಂತಿದ್ದರು. ಅಪ್ಪ ಒತ್ತಿದರು.

"ಪೆರ್ಲ, ಪೆರ್ಲ, ಪೆರ್ಲ!"

ಮತ್ತೆ ಏನೂ ಇಲ್ಲ. ಬಸ್ಸಿನ ಇಂಜಿನ್ನಿನ ಸದ್ದು, ಯಾರದೋ ಕೊಡೆ ಮಡಚಿದ ಸದ್ದು. ಜನ ಇನ್ನೂ ಕಾಯುತ್ತಿದ್ದರು. "ಮಗಾ ಇಲ್ವಾ ಇವತ್ತು?" ಎಂದ ಆ ಡ್ರೈವರ್, ಬೇಸರದಲ್ಲಿ.

ಕುಂಬಳೆ, ಮುಳ್ಳೇರಿಯ, ಅಗಲ್ಪಾಡಿ, ಎಲ್ಲ ಸರಿ. ಗಣೇಶಪ್ರಸಾದರು ಈ ಸಲ ಅಪ್ಪನ ಕಡೆಗೇ ತಿರುಗಿ, "ಆಯ್ತು ಕುಂಞಣ್ಣ, ನೀವೇ ಕೂಗಿ" ಎಂದರು. ಅಪ್ಪ ಬಸ್ಸಿನ ಮೈಗೆ ಎರಡು ಸಲ ಬಡಿದರು.

ಆ ಮಾತನ್ನು ಪೆಟ್ಟಿಗೆಯಿಂದ ತೆಗೆಯಲು ಹೋದೆ. ಅಪ್ಪ ನನ್ನ ಕೈ ಹಿಡಿದು ಬೇಡವೆಂದು ತಲೆಯಾಡಿಸಿದರು. ಇರಲಿ.

ರೀಮಾ ಈ ಆದಿತ್ಯವಾರವೇ ಹೋಗುತ್ತಾಳಂತೆ, ತಿಂಗಳು ಮುಗಿಯುವ ಮೊದಲೇ. ಅಪ್ಪ ಬೇಸರ ಮಾಡುತ್ತಾರೆ. ನೋಡಿ ನನಗೆ ಉರಿಯಿತು, ಆದರೆ ಮೊದಲಿನಷ್ಟು ಹೊತ್ತು ಅಲ್ಲ. ಸುಸ್ತಾಗಿರಬೇಕು.

ಜನವರಿ ೨೦, ಮಂಗಳವಾರ

ಡಬ್ಬಿ ಕೊಟ್ಟು ಬಂದೆ. ಹಲಸಿನ ಹಪ್ಪಳ ತುಂಬಿಸಿದ್ದೆ. ತುಂಬ ಒತ್ತಿದರೆ ಪುಡಿಯಾಗುತ್ತದೆ ಎಂದು ಅಮ್ಮ ಎರಡು ತೆಗೆದರು.

ಇಮೆಲ್ಡಾ ಬಾಯಿಯ ಮನೆ ಗುಡ್ಡದ ಬದಿಯಲ್ಲಿ. ಗೇಟಿನ ಒಳಗೆ ನಾಯಿ. ಅದಕ್ಕೆ ಹೆದರಿ ರಸ್ತೆಯಲ್ಲೇ ನಿಂತೆ. ಎಷ್ಟು ಹೊತ್ತು ನಿಂತರೂ ಯಾರೂ ಹೊರಗೆ ಬರಲಿಲ್ಲ.

"ರೀಮಾ! ರೀಮಾ! ರೀಮಾ!"

ನಾಯಿ ಬೊಗಳುವುದನ್ನು ನಿಲ್ಲಿಸಿತು. ಒಳಗಿನಿಂದ ಇಮೆಲ್ಡಾ ಬಾಯಿಯ ಮಾತು ಕೇಳಿಸಿತು: "ರೀಮಾ, ಹೋಗಿ ಗೇಟು ತೆಗಿ. ಕುಂಞಣ್ಣ ಬಂದಿದ್ದಾರೆ, ಪೆಟ್ಟಿಗೆ ತಕ್ಕೊಂಡು."

ಪೆಟ್ಟಿಗೆ ಸ್ಟ್ಯಾಂಡಿನಲ್ಲಿತ್ತು. ಅಪ್ಪನೂ.